ಗೃಹಪತ್ರಾಲಯ ಮೀಮಾಂಸೆ

ಶಾಸ್ತ್ರಗ್ರಂಥವನ್ನು ರಚಿಸಲು ತೊಡಗುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲಿಗೆ ನಿರೂಪಿಸತಕ್ಕದ್ದೆಂಬ ಪೂರ್ವಾಚಾರ್ಯರ ಕಟ್ಟಳೆಯನ್ನು ಶಿರಸಾವಹಿಸಿ ಹೇಳುವುದಾದರೆ, ಇಲ್ಲಿ ವಿಷಯವು ಸ್ವಗೃಹದಲ್ಲಿ ಇಮೇಲ್ ಸರ್ವರನ್ನು ಪ್ರತಿಷ್ಠಾಪಿಸುವ ವಿಧಿ. ಪ್ರಯೋಜನವು ಇನ್ನೂ ವಿಚಾರಣೆಯಲ್ಲಿರುವಂಥದು. ಸಂಬಂಧವು, ಗೃಹಿಣಿಯೊಡನೆ ಅದುವರೆಗೆ ಚೆನ್ನಾಗಿದ್ದುದು. ಅಧಿಕಾರಿಯೋ, ಯಲಹಂಕ ಉಪನಗರದಲ್ಲಿ ಸ್ವಂತ ಮನೆಯುಳ್ಳ, ಕೆಲಸದಿಂದ ನಿವೃತ್ತನಾದ, ಹೇಳಿದ ಮಾತನ್ನು ಕೇಳದ ಗೃಹಸ್ಥ. ಈ ಮೂರು ಲಕ್ಷಣಗಳೂ ಪ್ರಕೃತ ಲೇಖಕನಲ್ಲಿ ಏಕತ್ರ ಸಮಾವೇಶಗೊಂಡಿರುವುದರಿಂದ ಗ್ರಂಥಾರಂಭಕ್ಕೆ ಬಾಧಕವಿಲ್ಲ.

ಪುಕ್ಕಟೆಯಾಗಿ ಓಲೆ ಸಾಗಿಸುವ ಮಹಾಸಂಸ್ಥೆಗಳಿರಲಾಗಿ ಈ ಶ್ರಮವೇತಕ್ಕೆಂದು ಪೂರ್ವಪಕ್ಷಿಯು ಕೇಳುವನು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಮೈಸೂರು ಸೀಮೆಗೆ ಅಂಚೆಯನ್ನು ಏರ್ಪಡಿಸಿದಾಗ, ಅಂಚೆಯವರು ಓಲೆಯೊಡನೆ ಊರೂರಿನ ಸುದ್ದಿಯನ್ನೂ ಅರಮನೆಗೆ ಮುಟ್ಟಿಸುತ್ತಿದ್ದರೆಂಬುದು ಚರಿತ್ರೆ ಬಲ್ಲವರಿಗೆ ತಿಳಿದುದೇ. ಓಲೆ ಹೊರುವವನು ಓಲೆ ಓದುವವನೂ ಆಗಬಹುದೆಂಬ ಶಂಕೆ, ಆದುದರಿಂದ, ನಮ್ಮ ನಾಡಿನಲ್ಲಿ ಅಂಚೆಯಷ್ಟೇ ಹಳೆಯದು. ಸಮಾಧಾನಕ್ಕೆ ಇಷ್ಟು ಸಾಕು.

ಇನ್ನು ದ್ರವ್ಯವಿಚಾರ. ಎಸ್.ಪಿ. ರಸ್ತೆಯಲ್ಲಿ ಕೊಂಡ, ಬ್ಯಾಟರಿ ಸತ್ತ, ತಿರುಗಣಿ ಮುರಿದು ಮುಚ್ಚಳವು ರಬ್ಬರ್ ಬ್ಯಾಂಡಿನಿಂದ ಬಿಗಿಯಲ್ಪಟ್ಟ ಹಳೆಯ ಲ್ಯಾಪ್‌ಟಾಪೊಂದರಲ್ಲಿ, ಓಲೆಯನ್ನು ಸಾಗಿಸುವ ಪೋಸ್ಟ್‌ಫಿಕ್ಸ್, ಬಂದ ಓಲೆಯನ್ನು ಕಾಪಿಡುವ ಡವ್‌ಕಾಟ್ ಎಂಬ ದೇವತಾದ್ವಯವನ್ನು ಆವಾಹಿಸಿ, ಅಡುಗೆಮನೆಯ ಅಟ್ಟದ ಮೇಲೆ, ಉಪ್ಪಿನಕಾಯಿ ಜಾಡಿಗೂ ಶ್ಯಾವಿಗೆ ಒರಳಿಗೂ ನಡುವಣ ಅವಕಾಶದಲ್ಲಿ ಸ್ಥಾಪಿಸಿದ್ದಾಯಿತು. ಮೂರನೆಯ ದಿನವೇ ಧರ್ಮಸಂಕಟವೊದಗಿತು. “ಅಲ್ರೀ, ಹಿಟ್ಟು ರುಬ್ಬೋಕೆ ಇರೋದು ಇದೊಂದೇ ಪಾಯಿಂಟು. ನಿಮ್ಮ ಪೋಸ್ಟಾಫೀಸಿನ ಪ್ಲಗ್ ಕೀಳ್ತಾ ಇದೀನಿ” ಎಂಬ ವಾಕ್ಯವು ಕಿವಿಗೆ ಬೀಳುವಷ್ಟರಲ್ಲಿ ಕೀಳುವ ಕ್ರಿಯೆಯು ಮುಗಿದುಹೋಗಿತ್ತು. ಶ್ರುತಿಸ್ಮೃತಿಗಳಿಗೆ ಪರಸ್ಪರ ವಿರೋಧವೊದಗಿದಲ್ಲಿ ಶ್ರುತಿಯೇ ಬಲವತ್ತರವೆಂಬ ನ್ಯಾಯವುಂಟಷ್ಟೆ. ಬೀದಿಗೆಲ್ಲ ಕೇಳುವಂತೆ ಸದ್ದುಮಾಡುವ ಗ್ರೈಂಡರು ಶ್ರುತಿಯೆಂದೂ, ಕೇವಲ ಮೆಮೊರಿಯನ್ನು ನಂಬಿ ಬದುಕುವ ಸರ್ವರು ಸ್ಮೃತಿಯೆಂದೂ ನಿರ್ಣಯಿಸಿ ಲೇಖಕನು ಮೌನವನ್ನು ಅವಲಂಬಿಸಿದನು.

ಆಶ್ಚರ್ಯವೆಂದರೆ, ಪ್ಲಗ್ ಕಿತ್ತುದರಿಂದ ಬರತಕ್ಕ ಓಲೆಗೆ ಯಾವ ಹಾನಿಯೂ ಇಲ್ಲ. ಜೊನಾಥನ್ ಪೋಸ್ಟೆಲರು 1982ರ ಆಗಸ್ಟಿನಲ್ಲಿ ಹೊರತಂದ ಎಸ್‌ಎಂಟಿಪಿ ಎಂಬ ಸೂತ್ರಗ್ರಂಥದ ಸಂಪ್ರದಾಯದಂತೆ, ಬಾಗಿಲು ಮುಚ್ಚಿದ್ದರೆ ಓಲೆಕಾರನು ಓಲೆಯನ್ನು ಎಸೆದು ಹೋಗದೆ ಮತ್ತೆ ಮತ್ತೆ ಬಂದು ತಟ್ಟತಕ್ಕದ್ದು. 2008ರ ಪರಿಷ್ಕರಣವು ಕಡಮೆಯೆಂದರೆ 4-5 ದಿನ ಹೀಗೆ ತಟ್ಟುತ್ತಿರಬೇಕೆಂದು ಹೇಳುತ್ತದೆ. ದೋಸೆಹಿಟ್ಟಿಗೆ ಅಷ್ಟು ಕಾಲ ಬೇಕಾಗದು. ತಾಳ್ಮೆಯ ವಿಷಯದಲ್ಲಿ ಮಾತ್ರ ನಮ್ಮ ನೆರೆಯ ಹೆಬ್ಬಾಳವನ್ನು ಯಾವ ಯಂತ್ರವೂ ಮೀರಲಾರದು: ಗಂಗರ ಶ್ರೀಪುರುಷನ ಕಾಲದಲ್ಲಿ, ಕ್ರಿ.ಶ. ಸುಮಾರು 750ರಲ್ಲಿ, ಕಾದಿ ಮಡಿದ ಕಿತ್ತಯ್ಯನ ವೃತ್ತಾಂತವನ್ನು ಹೊತ್ತ ವೀರಗಲ್ಲು 2018ರಲ್ಲಿ ಚರಂಡಿಗೆಂದು ನೆಲವನ್ನಗೆಯುವಾಗ ಮೇಲೆದ್ದು ವಾಚಕರನ್ನು ತಲುಪಿತು. 1,200 ವರ್ಷಕ್ಕೂ ಮಿಕ್ಕಿ ಸರತಿಯಲ್ಲಿ ಕಾದು ಬಂದ ಆ ಓಲೆಯ ಗೋತ್ರವನ್ನು ಯಾರೂ ಕೇಳಲಿಲ್ಲ.

ನಮ್ಮ ಓಲೆಗಳ ಗತಿ ಹಾಗಲ್ಲ. ಬರಮಾಡಿಕೊಳ್ಳುವುದು ಸುಲಭ, ಕಳುಹಿಸುವುದೇ ಕಷ್ಟವೆಂಬುದು ಈ ಶಾಸ್ತ್ರದ ಪರಮರಹಸ್ಯ. ಮಹಾಸಂಸ್ಥೆಗಳ ಹೆಬ್ಬಾಗಿಲಲ್ಲಿ ನಿಂತ ಓಲೆಯನ್ನು ಒಳಗೆ ಬಿಡುವ ಮುನ್ನ ಗೋತ್ರಪ್ರವರಗಳ ವಿಚಾರಣೆ ನಡೆಯುತ್ತದೆ. ಈ ಹೆಸರನ್ನು ಹೇಳಿಕೊಂಡು ಬರಲು ಯಾವ ಯಾವ ವಿಳಾಸದವರಿಗೆ ಹಕ್ಕುಂಟೆಂಬ ದಾಯಾದಿಗಳ ಪಟ್ಟಿ ಎಸ್‌ಪಿಎಫ್. ಒಂದಕ್ಷರವನ್ನು ತಿದ್ದಿದರೂ ಒಡೆದುಹೋಗುವ ಮುದ್ರೆ ಡಿಕಿಮ್. ಇವೆರಡೂ ತಪ್ಪಿದಲ್ಲಿ ಬಂದವನನ್ನು ಸುಮ್ಮನೆ ಒಳಗೆ ಬಿಡಬೇಕೋ, ಮೂಲೆಯಲ್ಲಿ ಕೂರಿಸಬೇಕೋ, ಹೊಸಿಲಿನಿಂದಲೇ ಅಟ್ಟಬೇಕೋ ಎಂಬುದಕ್ಕೆ ಓಲೆಯ ಯಜಮಾನನೇ ಮುಂಚಿತವಾಗಿ ಬರೆದಿಟ್ಟ ವ್ಯವಸ್ಥಾಪತ್ರ ಡಿಮಾರ್ಕ್. ಇವನ್ನೆಲ್ಲ ಒಂದು ವಾರ ಕುಳಿತು ಬರೆದದ್ದಾಯಿತು. ಉಳಿದದ್ದು ಪಿಟಿಆರ್, ಹೆಸರು ಕೇಳಿದರೆ ನಂಬರು, ನಂಬರು ಕೇಳಿದರೆ ಅದೇ ಹೆಸರು ಬರಬೇಕೆಂಬ ನಿಯಮ. ನಂಬರು ಮನೆಗೆ ಇಂಟರ್‌ನೆಟ್ ಕೊಡುವ ಕಂಪನಿಯ ಸೊತ್ತಾದ್ದರಿಂದ ಅದನ್ನು ಅವರೇ ಬರೆಯಬೇಕು. ಅವರಾದರೋ ಇಡೀ ಬೀದಿಗೆ ಒಂದೇ ಬಾಗಿಲ ನಂಬರನ್ನು ಹಂಚಿದ್ದರು. ಪ್ರತ್ಯೇಕ ನಂಬರಿಗೆ ತಿಂಗಳ ದಕ್ಷಿಣೆ ತೆತ್ತ ಮೇಲೂ, ಓಲೆಗಳು ಹಾಯಬೇಕಾದ 25ನೆಯ ಪೋರ್ಟಿಗೆ ಬೀಗ ಹಾಕಿದ್ದರು. ಫೋನಿನಲ್ಲಿ ಅರ್ಧ ಗಂಟೆ ಸಂಗೀತ ಕೇಳಿಸಿದ ತರುವಾಯ ಬಂದ ಹುಡುಗಿಯು, “ಪಿಟಿಆರ್ ಅಂದ್ರೆ ಏನ್ ಸಾರ್? ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ” ಎಂದು ಉಪದೇಶಿಸಿದಳು. ಮಾಡಿದೆನು. ಬೀಗ ತೆಗೆಯಲು ಇನ್ನೂ ಹನ್ನೊಂದು ಸಲ ಫೋನು ಬೇಕಾಯಿತು.

ಬೀಗ ತೆಗೆದ ಮೇಲೂ ಕೆಲವು ದ್ವಾರಪಾಲಕರು ಅಪರಿಚಿತನನ್ನು ಮೊದಲ ಸಲ ತಾತ್ಕಾಲಿಕವಾಗಿ ಹಿಂದಕ್ಕೆ ಕಳುಹಿಸುವರು. 1990ರ ದಶಕದಲ್ಲಿ ಬೆಂಗಳೂರಿನ ಆಸುಪಾಸಿನ ಬಾಗಿಲುಗಳ ಮೇಲೆ, ರಾತ್ರಿ ಹೆಸರು ಹಿಡಿದು ಕೂಗುವ ದೆವ್ವಕ್ಕಾಗಿ ‘ನಾಳೆ ಬಾ’ ಎಂದು ಬರೆಯುತ್ತಿದ್ದುದನ್ನು ಕಂಡವರಿಗೆ ಈ ತಂತ್ರವನ್ನು ವಿವರಿಸಬೇಕಾಗಿಲ್ಲ. ಭೇದವಿಷ್ಟೆ: ಮರಳಿ ಬಂದದ್ದು ಸಭ್ಯ ಓಲೆ, ಬಾರದೆ ಹೋದದ್ದೇ ದೆವ್ವ ಎಂಬುದು ಇಲ್ಲಿಯ ಲಕ್ಷಣ. ಅವಸರದ ಸ್ಪ್ಯಾಮಿಗೆ ಎರಡನೆಯ ಸಲ ಬರುವಷ್ಟು ವ್ಯವಧಾನವಿರುವುದಿಲ್ಲ.

ಇಷ್ಟೆಲ್ಲ ಸಿದ್ಧತೆಯಿಂದ ಮೊದಲ ಓಲೆಯನ್ನು ಆರ್.ಟಿ. ನಗರದಲ್ಲಿರುವ ಭಾವಮೈದುನನಿಗೆ, ಸತ್ಯನಾರಾಯಣ ಪೂಜೆಯ ಆಹ್ವಾನರೂಪವಾಗಿ ಕಳುಹಿಸಲಾಯಿತು. ಪೂಜೆಯ ದಿನ ಅವನು ಬಂದನು. ಅಕ್ಕ ಹಿಂದಿನ ರಾತ್ರಿಯೇ ಫೋನು ಮಾಡಿದ್ದಳು. “ಭಾವ, ಮೇಲು ಯಾವುದೂ ಬಂದಿಲ್ಲವಲ್ಲ” ಎಂದು ಅವನು ಸಪಾದಭಕ್ಷ್ಯವನ್ನು ಮೆಲ್ಲುತ್ತಲೇ ಮೊಬೈಲನ್ನು ತೆಗೆದು ತೋರಿಸಿದನು. ಹುಡುಕಲಾಗಿ, ಕೋಟ್ಯಂತರ ಡಾಲರುಗಳನ್ನು ನಮ್ಮ ಹೆಸರಿಗೆ ಬರೆದಿಡಲು ಕಾತರಳಾದ ಪರದೇಶದ ವಿಧವೆಗೂ, ಬೋಳುತಲೆಗೆ ಕೂದಲು ಬರಿಸುವ ಎಣ್ಣೆಗೂ ನಡುವೆ, ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಅದು ಅಪಾಂಕ್ತೇಯವಾಗಿ ಕುಳಿತಿತ್ತು. ಮುದ್ರೆ ಸರಿಯಿತ್ತು, ಪಟ್ಟಿ ಸರಿಯಿತ್ತು, ಪಿಟಿಆರ್ ಕೂಡ ಸರಿಯಿತ್ತು. ನಮ್ಮ ನಂಬರಿನ ನೆರೆಹೊರೆಯ ನಂಬರುಗಳಲ್ಲಿ ಯಾವನೋ ಹಿಂದೊಮ್ಮೆ ಕಸವನ್ನು ಕಳುಹಿಸಿದ್ದನಂತೆ, ಓಣಿಗೆಲ್ಲ ಸೂತಕ.

ಸಂಶೋಧನೆ ಮುಂದುವರಿದಿದೆ. ಈ ಪ್ರಬಂಧದ ವಿಷಯದಲ್ಲಿ ಆಕ್ಷೇಪಣೆಗಳುಳ್ಳ ವಿದ್ವಾಂಸರು ಇಮೇಲಿನಲ್ಲಿ ನಿಸ್ಸಂಕೋಚವಾಗಿ ಬರೆಯಬಹುದು, ತಪ್ಪದೆ ಬಂದು ಸೇರುವುದು. ಉತ್ತರವನ್ನು ಮಾತ್ರ ತಂತಮ್ಮ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಹುಡುಕಿಕೊಳ್ಳಬೇಕಾಗಿ ವಿನಂತಿ.