ಮೇಲಕ್ಕೆ ಕಳಿಸುವವರ ಭೂಗೋಳ

ಆರೋಗ್ಯ ಇಲಾಖೆಯ ನೌಕರರ ಆಡುಮಾತಿನಲ್ಲಿ ದಿಕ್ಕುಗಳು ನಾಲ್ಕಲ್ಲ, ಎರಡೇ: ಮೇಲೆ ಮತ್ತು ಕೆಳಗೆ. ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆಯೊಂದು ಕಷ್ಟವೆಂದು ತೋರಿ, ‘ಕೇಸು ಮ್ಯಾಲಕ್ಕ ಕಳ್ಸೀವಿ’ ಎಂಬ ಮಾತು ಕೇಳಿಬಂದರೆ, ಆ ಗರ್ಭಿಣಿಯನ್ನು 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾಗಿ ಆರಂಭವಾದ, ಜನ ಈಗಲೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಆಸ್ಪತ್ರೆಗೆ ರವಾನಿಸಲಾಗಿದೆ ಎಂದು ತಿಳಿಯತಕ್ಕದ್ದು. ಕಡತದಲ್ಲಿ ಇದಕ್ಕೆ ರೆಫರಲ್ ಎಂದು ಹೆಸರು. ರೋಗಿಯ ಬಂಧುಗಳಿಗೆ ಮಾತ್ರ ‘ಮೇಲಕ್ಕೆ’ ಎಂದೊಡನೆ ಬೇರೊಂದು ಊರು ನೆನಪಾಗುವ ಸಂಭವವಿರುವುದರಿಂದ, ಅವರೆದುರು ಬಳ್ಳಾರಿಯ ಹೆಸರನ್ನೇ ಹೇಳುವುದು ಕ್ಷೇಮ.

ಉತ್ತರವನ್ನು ಮೇಲಿಟ್ಟು ಬರೆದ ನಕ್ಷೆಯಲ್ಲಿ ಸಿರುಗುಪ್ಪ ಬಳ್ಳಾರಿಯ ನೆತ್ತಿಯ ಮೇಲೆ ಕುಳಿತಿದೆ, ಕುರುಗೋಡೂ ಅಲ್ಲಿಯೇ ಪಕ್ಕಕ್ಕೆ ಸರಿದು ನಿಂತಿದೆ. ಹೀಗಾಗಿ ಆಂಬುಲೆನ್ಸು ಮೇಲಕ್ಕೆ ಹೋಗಬೇಕಾದರೆ ಕೆಳಕ್ಕೇ ಇಳಿಯಬೇಕು. ಇಲಾಖೆಯ ಪರವಾಗಿ ವಾದಿಸುವವರು, ತುಂಗಭದ್ರೆಯ ಬಯಲಿನ ತಗ್ಗಿನಲ್ಲಿರುವ ಸಿರುಗುಪ್ಪಕ್ಕಿಂತ ಬಳ್ಳಾರಿಯೂ, ಬಳ್ಳಾರಿಗಿಂತ ಬೆಂಗಳೂರೂ ಸಮುದ್ರಮಟ್ಟದಿಂದ ಎತ್ತರದಲ್ಲಿವೆಯಲ್ಲ ಎನ್ನಬಹುದು. ಆದರೆ ಮಡಿಕೇರಿಯ ರೋಗಿಯನ್ನು ‘ಮೇಲಿನ’ ಚಿಕಿತ್ಸೆಗೆಂದು ಮಂಗಳೂರಿನ ಕಡಲತಡಿಗೆ ಕಳಿಸುವಾಗ ಆ ವಾದ ರೋಗಿಯೊಂದಿಗೇ ಘಟ್ಟ ಇಳಿದುಬಿಡುತ್ತದೆ. ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ ಎಂಬ ಅಮೆರಿಕದ ವಿದ್ವಾಂಸರು 1980ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನುಷ್ಯರು ಅಧಿಕಾರವನ್ನೂ ಆರೋಗ್ಯವನ್ನೂ ಮೇಲೆಂದೇ ಭಾವಿಸಿ ಮಾತನಾಡುತ್ತಾರೆ ಎಂದು ವಿವರಿಸಿದ್ದಾರೆ. ಆದರೂ ಬಿಪಿ ಮೇಲೇರಿತೆಂದು ಹಿಗ್ಗಿದ ದಾದಿ ಎಲ್ಲಿಯೂ ಇರಲಾರಳು.

ಒಳ-ಹೊರಗಿನ ಲೆಕ್ಕವೂ ಅಷ್ಟೇ ವಿಚಿತ್ರವಾದುದು: ಹಾಸಿಗೆ ಸಾಲದ ದಿನಗಳಲ್ಲಿ ಒಳರೋಗಿ ವರಾಂಡದಲ್ಲಿ ಮಲಗಿದ್ದರೆ, ಹೊರರೋಗಿ ವೈದ್ಯರ ಕೊಠಡಿಯೊಳಗೆ ಮೇಜಿಗೆ ಒತ್ತಿಕೊಂಡು ನಿಂತಿರುತ್ತಾನೆ.

ಮೇಲೆ-ಕೆಳಗಿನ ಈ ಏಣಿಯ ತೀರ ಕೆಳಗಿನ ಮೆಟ್ಟಿಲಿಗೆ ‘ಫೀಲ್ಡ್’ ಎಂದು ಹೆಸರು. ಸುಮಾರು 1000 ಜನಸಂಖ್ಯೆಗೆ ಒಬ್ಬರಂತೆ, 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಬಂದ ಆಶಾ ಕಾರ್ಯಕರ್ತೆ ‘ಫೀಲ್ಡಿಗೆ ಹೋದಳು’ ಎಂದರೆ ಊರೊಳಗೆ ಮನೆಮನೆ ಸುತ್ತಲು ಹೋದಳೆಂದರ್ಥ. ಭತ್ತದ ನಾಡಾದ ಸಿರುಗುಪ್ಪದಲ್ಲಿ ನಾಟಿಯ ಕಾಲಕ್ಕೆ ಅವಳು ಹುಡುಕುವ ಬಸುರಿ, ಬಾಣಂತಿಯ ಅತ್ತೆ, ಲಸಿಕೆಯ ಮಗುವಿನ ತಾಯಿ ಎಲ್ಲರೂ ನಿಜವಾದ ಗದ್ದೆಯಲ್ಲಿಯೇ ಇರುತ್ತಾರೆ. ಫೀಲ್ಡಿನಲ್ಲಿ ಯಾರೂ ಸಿಗಲಿಲ್ಲ, ಎಲ್ಲರೂ ಗದ್ದೆಯಲ್ಲಿದ್ದರು ಎಂದು ಮೇಲಿನವರಿಗೆ ವರದಿ ಬರೆದರೆ ವಿವರಣೆ ಕೇಳಿ ನೋಟಿಸು ಕೆಳಗಿಳಿಯುವ ಭಯವಿರುವುದರಿಂದ, ಅವಳು ಸಂಜೆ ಮತ್ತೊಮ್ಮೆ ಅದೇ ಓಣಿಗೆ ಹೋಗುತ್ತಾಳೆ.