ಕಾಂಪೌಂಡ್ ಮೀಮಾಂಸೆ

ದೇವದತ್ತ ಮತ್ತು ಯಜ್ಞದತ್ತ ಹೊಸಬರೇನಲ್ಲ. ತರ್ಕ, ವ್ಯಾಕರಣ ಗ್ರಂಥಗಳಲ್ಲಿ ಉದಾಹರಣೆಗೊಬ್ಬ ಬೇಕಾದಾಗಲೆಲ್ಲ ಪಂಡಿತರು ಇವರನ್ನೇ ಕರೆದು, ಊಟ ಮಾಡಿಸಿ, ಊರಿಗೆ ಕಳಿಸಿ, ಹಸು ಕಾಯಿಸಿ ಸಾವಿರಾರು ವರ್ಷ ದುಡಿಸಿಕೊಂಡಿದ್ದಾರೆ. ಅಷ್ಟು ದುಡಿದವರು ಕಡೆಗೆ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಅಕ್ಕಪಕ್ಕದ ತರ್ಟಿ ಫಾರ್ಟಿ ಸೈಟು ಕೊಂಡು ಮನೆ ಕಟ್ಟಿಕೊಂಡಿದ್ದಾರೆ. ತಲಾ 1,200 ಚದರಡಿ, ನಡುವೆ ಒಂದು ಕಾಂಪೌಂಡ್ ಗೋಡೆ. ಗೋಡೆಯ ಈಚೆ ದೇವದತ್ತನ ನುಗ್ಗೆಮರ ಮತ್ತು ತೆಂಗಿನಮರ. ಆಚೆ ಯಜ್ಞದತ್ತನ ಕಾರು. ಒಂದು ಶಾಸ್ತ್ರ ಹುಟ್ಟಲು ಇದಕ್ಕಿಂತ ಹೆಚ್ಚಿನ ಸಾಮಗ್ರಿ ಬೇಡ.

ಮೀಮಾಂಸಕರು ಯಾವ ಪ್ರಶ್ನೆಯನ್ನೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂಬ ಮೆಟ್ಟಿಲು ಹತ್ತಿಸಿ ಬಿಡಿಸುತ್ತಿದ್ದರು. ಇಲ್ಲಿ ವಿಷಯ: ಕಂಬಳಿಹುಳ. ಸಂಶಯ: ಅದು ಯಾರದು?

"ಏನ್ರೀ ದೇವದತ್ತರೇ, ನಿಮ್ಮ ಮರದ ಹುಳ ನಮ್ಮ ಬನಿಯನ್ ಮೇಲೆ ಹರಿದಾಡ್ತಿದೆಯಲ್ರೀ!" ಎಂಬುದು ಪೂರ್ವಪಕ್ಷ.

"ಮರ ನಂದು ಸಾರ್. ಹುಳ ದೇವರದು" ಎಂಬುದು ದೇವದತ್ತನ ಸಿದ್ಧಾಂತ. ಯಜ್ಞದತ್ತ ಅದನ್ನು ಇವತ್ತಿಗೂ ಒಪ್ಪಿಲ್ಲ. ಮೈಯೆಲ್ಲ ತುರಿಸುವವನಿಗೆ ತತ್ವಜ್ಞಾನ ರುಚಿಸುವುದು ಕಷ್ಟ.

ಪೂರ್ವಸೂರಿಗಳು ಏನೆನ್ನುತ್ತಾರೆ? ಈ ಶಾಸ್ತ್ರಕ್ಕೆ ಕನ್ನಡ ನಾಡಿನ ಮೂಲವೇ ಇರುವುದು ಹೆಮ್ಮೆಯ ಸಂಗತಿ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ 'ಮಿತಾಕ್ಷರಾ' ಬರೆದ. ಆಸ್ತಿ ಪಾಲಿನ ಖಟ್ಲೆಗಳಲ್ಲಿ ಮಾತ್ರ ಅದರ ಹೆಸರು ಕೇಳಿದವರಿಗೆ, ಅದರಲ್ಲಿ ಗಡಿ ತಂಟೆಗೇ ಒಂದು ಪ್ರಕರಣವಿರುವುದು ತಿಳಿದಿರಲಿಕ್ಕಿಲ್ಲ. ಅವನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯಸ್ಮೃತಿಯ ವಿಧಿ ಹೀಗಿದೆ: ಗಡಿಯ ಬಗ್ಗೆ ಜಗಳವಾದರೆ ನೆರೆಹೊರೆಯ 4, 8 ಅಥವಾ 10 ಮಂದಿ ಕೆಂಪು ಹೂಮಾಲೆ ಹಾಕಿಕೊಂಡು, ಕೆಂಪು ಬಟ್ಟೆ ಉಟ್ಟು, ಮಣ್ಣು ಹೊತ್ತು ನಡೆದು ಗಡಿಯನ್ನು ತೋರಿಸಬೇಕು. ಮೂರೂ ಸಮಸಂಖ್ಯೆ ಎಂಬುದನ್ನು ಈ ಪ್ರಬಂಧಕಾರರು ಗಮನಿಸಿದ್ದಾರೆ. ಆ ಕಡೆ ಐದು, ಈ ಕಡೆ ಐದು ಮಂದಿ ನಿಂತರೆ ಏನು ಗತಿ ಎಂಬುದಕ್ಕೆ ಅವರಿಗೆ ಉತ್ತರ ಹೊಳೆದಿಲ್ಲ. ಇಂದಿನ ಬಡಾವಣೆಯಲ್ಲಿ ಈ ವಿಧಿಗೆ ಇನ್ನೂ ಎರಡು ಅಡ್ಡಿಗಳಿವೆ. ಅಂಗಳಕ್ಕೆಲ್ಲ ಟೈಲ್ಸ್ ಹಾಸಿರುವುದರಿಂದ ಹೊರಲು ಹಿಡಿ ಮಣ್ಣೂ ಸಿಗುವುದಿಲ್ಲ. ಹತ್ತು ಮಂದಿ ನೆರೆಯವರು ಒಟ್ಟಿಗೆ ಸಿಗುವುದು ಗಣೇಶನನ್ನು ಬಿಡುವ ದಿನ ಮಾತ್ರ, ಅಂದು ಯಾರಿಗೂ ಗಡಿಯ ಚಿಂತೆ ಇರುವುದಿಲ್ಲ.

ಮನುವಿನ ಸಲಹೆ ಇನ್ನೂ ದುಬಾರಿ. ಗಡಿಗೆ ಗುರುತಾಗಿ ಆಲ, ಅರಳಿ, ಮುತ್ತುಗ, ಬೂರುಗ ನೆಡಿ ಎನ್ನುತ್ತಾನೆ. ತರ್ಟಿ ಫಾರ್ಟಿಯ ಗಡಿಯಲ್ಲಿ ಆಲ ನೆಟ್ಟರೆ ಮೊಮ್ಮಕ್ಕಳ ಕಾಲಕ್ಕೆ ಎರಡೂ ಮನೆ ಮರದೊಳಗಿರುತ್ತವೆ. ಹಾಗೆ ನೋಡಿದರೆ ವ್ಯಾಜ್ಯವೂ ಮುಗಿದಂತೆಯೇ. ಗಡಿಯ ಮೇಲೇ ಬೆಳೆದ ಮರದ ಹೂವು ಹಣ್ಣು ಇಬ್ಬರಿಗೂ ಸೇರಿದ್ದು ಎನ್ನುವ ನಾರದಸ್ಮೃತಿ ವ್ಯವಹಾರ ಬಲ್ಲವರ ಗ್ರಂಥ. ಆದರೆ ದೇವದತ್ತನ ನುಗ್ಗೆ ಗಡಿಯಿಂದ ಒಂದೂವರೆ ಅಡಿ ಈಚೆ ಇದೆ. ಅವನು ಟೇಪು ಹಿಡಿದು ಅಳೆದಿದ್ದಾನೆ.

ಪಾಶ್ಚಾತ್ಯ ಪಂಡಿತರಿಗೂ ಈ ಕಾಟ ತಪ್ಪಿದ್ದಲ್ಲ. ನೆರೆಯವನ ಮರದ ಕೊಂಬೆ ತನ್ನ ಜಾಗಕ್ಕೆ ಚಾಚಿದರೆ ಅವನಿಗೆ ಮುಂಚೆ ಹೇಳದೆಯೇ ಕತ್ತರಿಸಬಹುದೇ ಎಂಬ ಪ್ರಶ್ನೆ 1894ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಲೆಮ್ಮನ್ ವಿರುದ್ಧ ವೆಬ್ ಎಂದು ಮೊಕದ್ದಮೆಯ ಹೆಸರು. ಲೆಮ್ಮನ್ ಇಲ್ಲಿ ನಿಂಬೆಯಲ್ಲ, ಮನುಷ್ಯ. ತನ್ನ ಜಾಗದೊಳಗೇ ನಿಂತು ಕತ್ತರಿಸುವುದಾದರೆ ಹೇಳಬೇಕಾಗಿಲ್ಲ ಎಂದು ತೀರ್ಪಾಯಿತು. ಇನ್ನೊಬ್ಬ ಮಹಾಶಯ ಹೀಗೆ ಬಾಗಿದ ಕೊಂಬೆಯ ಸೇಬು ಕಿತ್ತು ಮಾರಿಯೇಬಿಟ್ಟ. ಕೊಂಬೆಯ ಮೇಲೆ ಕತ್ತರಿ ಆಡಿಸಬಹುದು, ಸೇಬು ಮಾತ್ರ ಮರದ ಯಜಮಾನನದೇ ಎಂದಿತು 1919ರಲ್ಲಿ ನ್ಯಾಯಾಲಯ.

ಯಜ್ಞದತ್ತ ಇದನ್ನೋದಿ ಮಚ್ಚು ಮಸೆಯುವ ಮೊದಲು ನಮ್ಮದೇ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976 ಅನ್ನು ತಿರುವಿ ಹಾಕುವುದು ಕ್ಷೇಮ. ಅದರ ಪ್ರಕಾರ ಮರ ಕಡಿಯುವುದೆಂದರೆ ಬುಡಕ್ಕೆ ಕೊಡಲಿ ಹಾಕುವುದಷ್ಟೇ ಅಲ್ಲ. ರೆಂಬೆ ಸವರುವುದು, ಸುಡುವುದು, ಬೇರೆ ಯಾವುದೇ ರೀತಿಯಲ್ಲಿ ಘಾಸಿ ಮಾಡುವುದೂ ಅದರಲ್ಲೇ ಸೇರುತ್ತದೆ, ಮತ್ತು ಅದಕ್ಕೆಲ್ಲ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ತೆಂಗಿಗೆ ಈ ಕಟ್ಟುಪಾಡಿನಿಂದ ವಿನಾಯಿತಿ ಇದೆ. ಮರ ಇನ್ನೇನು ಜನರ ಮೇಲೆ ಬೀಳುವಂತಿದ್ದರೆ ದಂಡಾಧಿಕಾರಿಗೆ ಅರ್ಜಿ ಕೊಡಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು ಇದು, 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇದು. ಕಲಮು ಬದಲಾಯಿತು, ಮರ ವಾಲಿದ ದಿಕ್ಕು ಬದಲಾಗಲಿಲ್ಲ.

ಇನ್ನು ಪ್ರಮಾಣಗಳ ವಿಚಾರ.

ಪ್ರತ್ಯಕ್ಷಕ್ಕೆ ಸಿಸಿಟಿವಿ ಇದೆ, ಆದರೆ ಅದರ ಮುಂದೆ ನುಗ್ಗೆ ಸೊಪ್ಪು ತೂಗಾಡುತ್ತದೆ. ಆದ್ದರಿಂದ ದೇವದತ್ತ ಅರ್ಥಾಪತ್ತಿಗೆ ಮೊರೆಹೋಗುತ್ತಾನೆ. ಹಗಲು ಉಣ್ಣದೆಯೂ ದಪ್ಪಗಿರುವವನು ರಾತ್ರಿ ಉಣ್ಣುತ್ತಿರಬೇಕು ಎಂದು ಶಾಸ್ತ್ರಕಾರರು ಊಹಿಸಿದ್ದು ಈ ದೇವದತ್ತನ ವಿಷಯದಲ್ಲೇ. ಆ ಅವಮಾನವನ್ನು ಅವನು ಮರೆತಿಲ್ಲ. ಈಗ ಅದೇ ಅಸ್ತ್ರವನ್ನು ಪಕ್ಕದ ಮನೆಗೆ ತಿರುಗಿಸಿದ್ದಾನೆ. ಯಜ್ಞದತ್ತ ತನಗೆ ನುಗ್ಗೆಕಾಯಿ ಕಂಡರಾಗದು ಎನ್ನುತ್ತಾನೆ. ಆಚೆ ಬಾಗಿದ ಕೊಂಬೆಯಲ್ಲಿ ಶನಿವಾರ ಇದ್ದ ಕಾಯಿ ಭಾನುವಾರ ಇರುವುದಿಲ್ಲ. ಭಾನುವಾರ ಹನ್ನೊಂದಕ್ಕೆ ಯಜ್ಞದತ್ತನ ಅಡುಗೆಮನೆಯ ಕಿಟಕಿಯಿಂದ ಹುಳಿಯ ಪರಿಮಳ ಬರುತ್ತದೆ. ಇನ್ನು ಊಹೆಗೆ ಏನು ಉಳಿಯಿತು?

ಯಜ್ಞದತ್ತನೂ ಕಡಿಮೆಯವನಲ್ಲ. ತೆಂಗಿನಮರ ತಿಂಗಳಿಗೆ ಸುಮಾರು ಒಂದು ಗರಿ ಬಿಡುತ್ತದೆ, ಹಾಗೆಯೇ ತಿಂಗಳಿಗೊಂದು ಒಣಗರಿ ಉದುರಿಸುತ್ತದೆ. ಆ ಗರಿ ಮಟ್ಟೆಸಮೇತ ತನ್ನ ಕಾರಿನ ಬಾನೆಟ್ಟನ್ನೇ ಹುಡುಕಿ ಬೀಳುತ್ತದೆ ಎಂಬುದು ಅವನ ಅನುಮಾನ ಪ್ರಮಾಣ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅಷ್ಟೆ ಎಂದು ದೇವದತ್ತ ಕಾಕತಾಲೀಯ ನ್ಯಾಯ ಹೇಳಿದ. ಮಾರನೆಯ ದಿನ ಯಜ್ಞದತ್ತ ಕಾರಿನ ಮೇಲೆ ನೀಲಿ ಟಾರ್ಪಾಲು ಕಟ್ಟಿ, ಅದರ ಬಿಲ್ಲನ್ನು ಗೋಡೆಯ ಮೇಲೆ ಕಲ್ಲು ಹೇರಿ ಇಟ್ಟ. ಬಿಲ್ಲು ಎರಡು ಮಳೆ ಕಂಡಿದೆ.

ಖರ್ಚಿನ ಹಂಚಿಕೆಗೆ ಬಂದರೆ ಶಾಸ್ತ್ರ ಇನ್ನೂ ಗಹನವಾಗುತ್ತದೆ. ಹಿಂದಿನ ಬೀದಿಯ ಅಪಾರ್ಟ್‌ಮೆಂಟಿನಲ್ಲಿ ಇದೇ ಶಾಸ್ತ್ರಕುಲದ ಚೈತ್ರ ಮತ್ತು ಮೈತ್ರ ಇದ್ದಾರೆ. ನೆಲಮಹಡಿಯ ಚೈತ್ರ ಲಿಫ್ಟ್ ಹತ್ತುವುದಿಲ್ಲ, ಆದ್ದರಿಂದ ಲಿಫ್ಟಿನ ಖರ್ಚು ಕೊಡುವುದಿಲ್ಲ. ನಾಲ್ಕನೇ ಮಹಡಿಯ ಮೈತ್ರನ ಸೂರು ಸೋರುತ್ತದೆ. ಟೆರೇಸು ಎಲ್ಲರದು, ವಾಟರ್‌ಪ್ರೂಫಿಂಗ್ ಎಲ್ಲರೂ ಸೇರಿ ಮಾಡಿಸಬೇಕು ಎನ್ನುತ್ತಾನೆ. "ನನ್ನ ತಲೆ ಮೇಲೆ ಸೋರ್ತಿಲ್ವಲ್ಲ" ಎನ್ನುತ್ತಾನೆ ಚೈತ್ರ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972 ಇಬ್ಬರ ಬಾಯಿಯನ್ನೂ ಮುಚ್ಚಿಸುತ್ತದೆ: ಸಾಮಾನ್ಯ ಖರ್ಚು ಅವರವರ ಅವಿಭಾಜ್ಯ ಪಾಲಿನ ಪ್ರಮಾಣದಲ್ಲಿ, ಮತ್ತು ನಾನು ಬಳಸುವುದಿಲ್ಲ ಎಂದು ಕೈತೊಳೆದುಕೊಂಡರೆ ಹೊಣೆ ತಪ್ಪುವುದಿಲ್ಲ. ಇದನ್ನು ಓದಿ ಹೇಳಿದ ದಿನದಿಂದ ಚೈತ್ರ ಬೆಳಿಗ್ಗೆ ಸಂಜೆ ಲಿಫ್ಟಿನಲ್ಲಿ ನಾಲ್ಕನೇ ಮಹಡಿಗೆ ಹೋಗಿ ಮೆಟ್ಟಿಲಿಳಿದು ಬರುತ್ತಿದ್ದಾನೆ.

ಲೆಕ್ಕಾಚಾರದಲ್ಲಿ ಅಪಾರ್ಟ್‌ಮೆಂಟ್ ಸಂಘಗಳ ಪಾಂಡಿತ್ಯಕ್ಕೆ ಸಾಟಿಯಿಲ್ಲ. ಸಂಘದ ವಾರ್ಷಿಕ ವಹಿವಾಟು 20 ಲಕ್ಷ ದಾಟಿ, ಮನೆಯೊಂದರ ಮೇಂಟೆನೆನ್ಸ್ ತಿಂಗಳಿಗೆ 7,500 ರೂಪಾಯಿ ಮೀರಿದರೆ 18% ಜಿಎಸ್‌ಟಿ ಬೀಳುತ್ತದೆ. ಅಂಥ ಸಂಘಗಳ ಸಭೆಯಲ್ಲಿ ಮೇಂಟೆನೆನ್ಸ್ ಸರಿಯಾಗಿ 7,500ಕ್ಕೆ ಬಂದು ನಿಲ್ಲುವುದನ್ನು ಕಾಕತಾಲೀಯ ಎನ್ನಲು ದೇವದತ್ತನೂ ಒಪ್ಪುವುದಿಲ್ಲ. ಅನುಪಲಬ್ಧಿ ಎಂಬ ಪ್ರಮಾಣವೂ ಇಲ್ಲೇ ಉಪಯೋಗಕ್ಕೆ ಬರುವುದು. ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು ಅನುಪಲಬ್ಧಿ. ಖಜಾಂಚಿ ಬಾಗಿಲು ತಟ್ಟಿದಾಗ ಟೀವಿ ತಟ್ಟನೆ ನಿಂತು ಮನೆಯಲ್ಲಿ ಯಾರೂ ಇಲ್ಲದಂತಾಗುವುದು ಇದರ ಶುದ್ಧ ಉದಾಹರಣೆ.

ಪ್ರಬಂಧ ಅಚ್ಚಿಗೆ ಹೋಗುವ ಹೊತ್ತಿಗೆ ಏಪ್ರಿಲ್ಲಿನ ಗಾಳಿಮಳೆಗೆ ನುಗ್ಗೆಯ ದೊಡ್ಡ ಕೊಂಬೆ ಲಟಕ್ಕನೆ ಮುರಿಯಿತು. ನುಗ್ಗೆಮರ ಪೆಡಸು, ಅದನ್ನು ನಂಬಿ ಹತ್ತಬಾರದೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಂಬೆ ಬಿದ್ದದ್ದು ಕಾಂಪೌಂಡಿನ ಮೇಲೇ. ಮೂರಡಿ ಗೋಡೆ ಕುಸಿಯಿತು. ಮೇಸ್ತ್ರಿಯ ಕೂಲಿ, ಇಟ್ಟಿಗೆ, ಸಿಮೆಂಟು ಯಾರ ತಲೆಗೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ, ಹಾಗಾಗಿ ಈ ಗ್ರಂಥಕ್ಕೆ ಎರಡನೆಯ ಸಂಪುಟ ಬೇಕಾಗಬಹುದು. ಯಜ್ಞದತ್ತ ಮುರಿದ ಕೊಂಬೆಯ ಒಂದು ತುಂಡನ್ನು ಎಳೆದು, ಬಟ್ಟೆ ಒಣಹಾಕುವ ಹಗ್ಗಕ್ಕೆ ಊರೆಯಾಗಲೆಂದು ಗೋಡೆ ಪಕ್ಕ ತನ್ನ ಕಡೆ ಉಳಿದಿದ್ದ ಗೇಣಗಲ ಮಣ್ಣಿನಲ್ಲಿ ನೆಟ್ಟ. ಅದು ಈಗ ಚಿಗುರಿದೆ.