ಡಾಂಬರಿನ ಕೆರೆ, ಮೇಕೆಗಳ ಓಟ

ಟ್ರಿನಿಡಾಡ್ ಅಂದ ಕೂಡಲೇ ನಮ್ಮ ಕಡೆ ವಯಸ್ಸಾದವರಿಗೆಲ್ಲ 1976ರ ಆ ಟೆಸ್ಟ್ ಪಂದ್ಯವೇ ನೆನಪಿಗೆ ಬರೋದು, ಅಲ್ವಾ ರಾಯರೇ? ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತಕ್ಕೆ ಗೆಲ್ಲೋಕೆ 403 ರನ್ ಬೇಕಿತ್ತು. ವಿಶ್ವನಾಥ್ 112 ಹೊಡೆದರು. ಕೊನೆಗೆ ದಡ ಮುಟ್ಟಿಸಿದ್ದು 49 ರನ್ ಮಾಡಿ ಔಟಾಗದೆ ನಿಂತ ನಮ್ಮ ಬ್ರಿಜೇಶ್ ಪಟೇಲ್. ಮೊದಲ ಇನಿಂಗ್ಸಿನಲ್ಲೇ ಚಂದ್ರಶೇಖರ್ ಆರು ವಿಕೆಟ್ ಕಿತ್ತಿದ್ದರು, ಅದನ್ನು ಜನ ಮರೆತೇಬಿಡ್ತಾರೆ ನೋಡಿ. ಆ ಕ್ವೀನ್ಸ್ ಪಾರ್ಕ್ ಓವಲ್ ಮೈದಾನ ಈಗಲೂ ಇದೆ, ಹಿಂದೆ ಹಸಿರು ಬೆಟ್ಟದ ಸಾಲು. ನಿಮ್ಮ ಮಗ ಅಲ್ಲಿಗೆ ಹೋಗ್ತಾನೆ ಅಂದಿರಲ್ಲ, ಮೊದಲು ಅಲ್ಲೊಂದು ನಮಸ್ಕಾರ ಹಾಕಿ ಬರಲಿ.

ಆದರೆ ದ್ವೀಪ ಅಂದಮೇಲೆ ಬರೀ ಸಮುದ್ರ, ಮರಳು, ಎಳನೀರು ಅಂತ ಕೂತುಬಿಡಬಾರದು. ಟ್ರಿನಿಡಾಡಿನ ಲಾ ಬ್ರಿಯಾದಲ್ಲಿ ಡಾಂಬರಿನದೇ ಒಂದು ಕೆರೆ ಇದೆ, ಹೆಚ್ಚುಕಡಿಮೆ ನೂರು ಎಕರೆ. ಅದರ ಮೇಲೆ ಜನ ಆರಾಮವಾಗಿ ನಡೆದಾಡ್ತಾರೆ. ಕೆಲವು ಕಡೆ ಮಾತ್ರ ಮೆತ್ತಗೆ. ನಿಂತಲ್ಲೇ ನಿಂತರೆ ಪಾದ ನಿಧಾನಕ್ಕೆ ಇಳಿಯುತ್ತೆ, ಚಪ್ಪಲಿ ಕಚ್ಚಿಕೊಳ್ಳುತ್ತೆ. ಅದಕ್ಕೇ ಊರಿನ ಗೈಡ್ ಒಬ್ಬರನ್ನು ಜೊತೆಗಿಟ್ಟುಕೊಳ್ಳಬೇಕು. ಡಾಂಬರು ಅಗೆದು ತೆಗೆದ ಗುಂಡಿ ತಾನಾಗೇ ಮತ್ತೆ ತುಂಬಿಕೊಳ್ಳುತ್ತೆ. ನಡುನಡುವೆ ಮಳೆನೀರು ನಿಂತ ಗಂಧಕದ ಹೊಂಡಗಳಿವೆ, ಚರ್ಮಕ್ಕೆ ಒಳ್ಳೇದು ಅಂತ ಊರವರು ಅದರಲ್ಲಿ ಮೀಯೋದೂ ಉಂಟು. 1595ರಲ್ಲಿ ವಾಲ್ಟರ್ ರ‍್ಯಾಲಿ ಇದೇ ಡಾಂಬರನ್ನು ತನ್ನ ಹಡಗುಗಳ ಸಂದಿಗೆ ಮೆತ್ತಿಸಿದನಂತೆ. ಆಮೇಲೆ ಎಷ್ಟೋ ದೇಶಗಳ ರಸ್ತೆಗೆ ಇಲ್ಲಿಂದಲೇ ಸರಕು ಹೋಗಿದೆ.

ಊಟದ ಚಿಂತೆ ಬೇಡವೇ ಬೇಡ. 1845ರಲ್ಲಿ ಮೊದಲ ಹಡಗಿನಲ್ಲಿ ಕಬ್ಬಿನ ಗದ್ದೆಯ ಕೂಲಿಗೆ ಅಂತ ಹೋದ ನಮ್ಮ ದೇಶದವರ ಮೊಮ್ಮಕ್ಕಳು, ಮರಿಮಕ್ಕಳು ಅಲ್ಲೇ ಬೇರು ಬಿಟ್ಟಿದ್ದಾರಲ್ಲ. ದಾಲ್‌ಪುರಿ ಅಂತ ಮಾಡ್ತಾರೆ, ಬೇಳೆ ಬೇಯಿಸಿ, ಪುಡಿಮಾಡಿ, ಜೀರಿಗೆ ಹಾಕಿ ಒಳಗೆ ತುಂಬಿದ ರೊಟ್ಟಿ. ಬೆಲ್ಲ ಮರೆತ ಬೇಳೆ ಹೋಳಿಗೆ ಅಂದುಕೊಳ್ಳಿ! ಬೆಳಗ್ಗೆ ಬೀದಿಬದಿಯಲ್ಲಿ ಡಬಲ್ಸ್ ಸಿಗುತ್ತೆ: ಬಾರಾ ಅನ್ನೋ ಎರಡು ಮೆತ್ತನೆ ಕರಿದ ರೊಟ್ಟಿ, ಮೇಲೆ ಕಡಲೆಕಾಳಿನ ಗೊಜ್ಜು, ಹುಣಸೆ ಚಟ್ನಿ. ಕಾಗದದ ಮೇಲೆ ಕೊಡ್ತಾರೆ, ನಿಂತೇ ತಿನ್ನಬೇಕು. ಖಾರ ಎಷ್ಟು ಅಂತ ಕೇಳಿದಾಗ ಮಾತ್ರ ‘ಸ್ವಲ್ಪ’ ಅಂತಲೇ ಹೇಳಬೇಕು, ಖಾರ ತಿಂದು ಪಳಗಿದ ನಾಲಿಗೆಗೂ ಅಲ್ಲಿನ ಮೆಣಸಿನಕಾಯಿ ಜೋರು.

ಅಂದಹಾಗೆ, ಕರಪಿಚೈಮಾದಲ್ಲಿ 85 ಅಡಿ ಎತ್ತರದ ಹನುಮಂತ ನಿಂತಿದ್ದಾನೆ. ನಮ್ಮ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ದತ್ತಾತ್ರೇಯ ಕೇಂದ್ರದ ಅಂಗಳದಲ್ಲಿ. ಮೈಸೂರಿಂದ ಅಷ್ಟು ದೂರ ಹೋದರೂ ಮನೆದೇವರು ಎದುರಾದ ಹಾಗಾಗುತ್ತೆ, ಅಲ್ವಾ? ಆದರೆ ನನ್ನನ್ನು ಕೇಳಿದರೆ, ಅಲ್ಲೇ ಹತ್ತಿರದ ವಾಟರ್‌ಲೂನ ಸಮುದ್ರದೊಳಗಿನ ಗುಡಿಯನ್ನು ಮೊದಲು ನೋಡಬೇಕು. ಶಿವದಾಸ್ ಸಾಧು ಅಂತ ಒಬ್ಬ ಕೂಲಿಯಾಳು ದಡದಲ್ಲಿ ಗುಡಿ ಕಟ್ಟಿದ. ಅದು ಸಕ್ಕರೆ ಕಂಪನಿಯ ಜಾಗ. ಗುಡಿ ಕೆಡವಿದರು, ಅವನನ್ನು ಜೈಲಿಗೂ ಹಾಕಿದರು. ನೆಲ ನಿಮ್ಮದಾದರೆ ಸಮುದ್ರ ಯಾರದ್ದೂ ಅಲ್ಲವಲ್ಲ! ಹೊರಬಂದವನು ಸೈಕಲ್ಲಿನ ಮೇಲೆ ಕಲ್ಲು ಹೇರಿಕೊಂಡು ಹೋಗಿ, ನೀರೊಳಗೆ ಸುರಿದು ಸುರಿದು ದಾರಿ ಮಾಡಿ, ವರ್ಷಗಟ್ಟಲೆ ಒಬ್ಬನೇ ದುಡಿದು ಅಲ್ಲೇ ಗುಡಿ ಎಬ್ಬಿಸಿದ. ಈಗಿರೋದು 1995ರಲ್ಲಿ ಮತ್ತೆ ಕಟ್ಟಿದ್ದು. ಆ ದಾರಿಯಲ್ಲಿ ನಡೆಯುವಾಗ ಆ ಸೈಕಲ್ಲು ಕಣ್ಮುಂದೆ ಬರದಿದ್ದರೆ ಹೋಗಿ ಏನು ಪ್ರಯೋಜನ ಹೇಳಿ?

ಸಂಜೆ ಹೊತ್ತು ಕರೋನಿ ಜೌಗಿನಲ್ಲಿ ದೋಣಿ ಹತ್ತಿಸಿ. ಕೆಂಪು ಐಬಿಸ್ ಹಕ್ಕಿಗಳು ಹಿಂಡುಹಿಂಡಾಗಿ ಬಂದು ಕೂತು ಹಸಿರು ಕಾಂಡ್ಲಾ ಗಿಡಗಳೆಲ್ಲ ಕೆಂಪಾಗಿಬಿಡ್ತವೆ. ಮರಿಗಳು ಬೂದು ಕಂದು ಬಣ್ಣದವು. ಏಡಿ, ಸಿಗಡಿ ತಿಂದು ತಿಂದೇ ಅವಕ್ಕೆ ಆ ಕೆಂಪು ಬರೋದು.

ಇನ್ನು ಟೊಬೇಗೊ. ಚಿಕ್ಕ ದ್ವೀಪ ಅಂತ ಎಷ್ಟೋ ಜನ ಬಿಟ್ಟೇ ಬರ್ತಾರೆ, ಟ್ರಿನಿಡಾಡಿನಿಂದ ವಿಮಾನದಲ್ಲಿ ಅರ್ಧ ಗಂಟೆಯೂ ಬೇಡ. ಅಲ್ಲಿನ ಮೇನ್ ರಿಡ್ಜ್ ಕಾಡನ್ನು 1776ರಲ್ಲೇ ಕಾನೂನು ಮಾಡಿ ಕಾಪಾಡಿದರು. ಕಾಡಿದ್ದರೆ ಮಳೆ, ಮಳೆ ಇದ್ದರೆ ಬೆಳೆ ಅನ್ನೋ ಲೆಕ್ಕ. ನಮ್ಮ ಮಲೆನಾಡಿನ ಅಜ್ಜಂದಿರೂ ಇದನ್ನೇ ಅಲ್ವಾ ಹೇಳ್ತಿದ್ದದ್ದು? ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಬಕೂ ಹವಳದ ದಿಬ್ಬ ನೋಡಿಕೊಂಡು ಹೋದರೆ ನೈಲಾನ್ ಪೂಲ್. ನಡುಸಮುದ್ರದಲ್ಲಿ ಸೊಂಟದಷ್ಟೇ ನೀರು! ಹವಳದ ಮೇಲೆ ಮಾತ್ರ ಕಾಲಿಡಬೇಡ ಅಂತ ಮಗನಿಗೆ ಹೇಳಿ. ಹಿಂದೆ ಪ್ರವಾಸಿಗರು ತುಳಿದೂ ತುಳಿದೂ ಅದಕ್ಕೆ ಬೇಕಾದಷ್ಟು ಪೆಟ್ಟು ಬಿದ್ದಿದೆ, ಪಾಪ.

ಆದಷ್ಟು ಈಸ್ಟರ್ ಹೊತ್ತಿಗೇ ಹೋಗಲಿ, ರೂಮು ಮೊದಲೇ ಹೇಳಿಡಲಿ. ಹಬ್ಬ ಮುಗಿದ ಮಂಗಳವಾರ ಬಕೂ ಊರಲ್ಲಿ ಮೇಕೆಗಳ ಓಟ, 1925ರಿಂದ ಬಂದ ಪದ್ಧತಿ. ಕುದುರೆಗಿರೋ ಹಾಗೆ ಇಲ್ಲೂ ಜಾಕಿ ಉಂಟು, ಆದರೆ ಮೇಲೆ ಕೂರೋ ಹಾಗಿಲ್ಲ. ಹಗ್ಗ ಹಿಡಿದು ಬರಿಗಾಲಲ್ಲಿ ಜೊತೆಗೇ ಓಡಬೇಕು! ಹಾಗಾಗಿ ಮೇಕೆಗೂ ತಾಲೀಮು, ಜಾಕಿಗೂ ತಾಲೀಮು. ಮೇಕೆಗಳನ್ನು ಸಮುದ್ರದಲ್ಲಿ ಈಜಿಸಿ ಕಸುವು ಬರಿಸ್ತಾರೆ. ಜೊತೆಗೆ ಏಡಿ ಓಟವೂ ಇರುತ್ತೆ, ದಾರ ಕಟ್ಟಿದ ಏಡಿಗಳದ್ದು. ಏಡಿ ಅಡ್ಡಡ್ಡ ಹೋಗೋ ಪ್ರಾಣಿ ತಾನೇ, ಗೆಲ್ಲೋ ಗೆರೆ ಯಾವ ಕಡೆ ಅಂತ ಅದಕ್ಕೆ ತಿಳಿಸಿಹೇಳೋದೇ ಜಾಕಿಯ ಜಾಣ್ಮೆ, ಅಲ್ವಾ?